ಹೆಸರು ದಾಟುವ ದಾರಿ: ರಷ್ಯನ್ ಪುರುಷನಾಮಗಳು ಇಂಗ್ಲಿಷಿನಲ್ಲಿ

ಚಿತ್ರಕಾರ ನಿಕೊಲಾಯ್ ಕಾನ್ಸ್ತಾಂತಿನೊವಿಚ್ ರೆರಿಖ್ (1874–1947) ಅವರ ಹೆಸರು ಇಂಗ್ಲಿಷ್ ಮುಖಪುಟಗಳಲ್ಲಿ ನಿಕೊಲಸ್ ರೋರಿಕ್ ಎಂದಾಯಿತು. ಅವರ ಹಿರಿಯ ಮಗ, ಟಿಬೆಟನ್ ಭಾಷೆಯ ವಿದ್ವಾಂಸ ಯೂರಿ, ಇಂಗ್ಲಿಷಿನಲ್ಲಿ ಜಾರ್ಜ್ ಆದರು. ಕಿರಿಯ ಮಗ ಸ್ವ್ಯತೊಸ್ಲಾವ್ ಚಿತ್ರನಟಿ ದೇವಿಕಾರಾಣಿಯವರನ್ನು ಮದುವೆಯಾಗಿ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿ, 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಇಂಗ್ಲಿಷಿನಲ್ಲಿ ಅವರು ಸ್ವೆಟೊಸ್ಲಾವ್. ಒಂದೇ ಮನೆಯ ಮೂವರು ಗಂಡಸರ ಹೆಸರುಗಳಲ್ಲಿ ಒಂದು ಕೊನೆಯಲ್ಲಿ ಮಾತ್ರ ಬದಲಾಯಿತು, ಇನ್ನೊಂದು ಗುರುತು ಸಿಗದಷ್ಟು ಬದಲಾಯಿತು, ಮೂರನೆಯದು ಬದಲಾಗದೆ ಉಳಿಯಿತು, ಅಥವಾ ಹಾಗೆ ತೋರುತ್ತದೆ.

ರಷ್ಯನ್ ಮಾತೃಭಾಷೆಯಾಗಿದ್ದು ಮಕ್ಕಳನ್ನು ಇಂಗ್ಲಿಷ್ ನಾಡಿನಲ್ಲಿ ಬೆಳೆಸುವ ತಂದೆತಾಯಿಗಳ ಮುಂದೆ, ಮಗ ಹುಟ್ಟಿದೊಡನೆ ಬಂದು ನಿಲ್ಲುವ ಪ್ರಶ್ನೆಯೊಂದಿದೆ: ಅಜ್ಜಿಯ ಬಾಯಿಗೂ ಶಾಲೆಯ ಹಾಜರಿಪಟ್ಟಿಗೂ ಒಪ್ಪುವ ಹೆಸರು ಯಾವುದು? ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದು ಪಟ್ಟಿ. ಎರಡೂ ಭಾಷೆಗಳಲ್ಲಿ ಒಂದೇ ಆಗಿರುವ ಹೆಸರುಗಳನ್ನು, ಅಂದರೆ ಮಕ್ಸೀಮ್, ರೊಮಾನ್, ಅಂತೋನ್, ದೆನೀಸ್, ಮಾರ್ಕ್ ಮೊದಲಾದುವನ್ನು, ಆರಿಸಿಕೊಂಡರೆ ಸಾಕೆಂಬುದು ಆ ಉತ್ತರದ ತಿರುಳು. ಈ ಉತ್ತರದಲ್ಲಿ ಭಾಷಾಚರಿತ್ರೆಯ ದೃಷ್ಟಿಯಿಂದ ಒಂದು ತಪ್ಪು ಗ್ರಹಿಕೆ ಇದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೆಸರೆಂದರೆ ಒಂದು ಅಕ್ಷರಮಾಲೆ ಎಂಬ ಇಂಗ್ಲಿಷಿನ ಕಲ್ಪನೆಯನ್ನು ಅದು ಪ್ರಶ್ನಿಸದೆ ಒಪ್ಪಿಕೊಂಡಿದೆ. ರಷ್ಯನ್ನಿನಲ್ಲಿ ಹೆಸರೆಂಬುದು ರೂಪಾವಳಿ.

ಮೊದಲು ಯೂರಿ ಜಾರ್ಜ್ ಆದ ಬಗೆಯನ್ನು ನೋಡಬೇಕು. 988ರಲ್ಲಿ ಕೀವ್‌ನ ದೊರೆ ವ್ಲದೀಮಿರ್ ಬೈಜಾಂಟಿಯಮ್ಮಿನ ಕ್ರೈಸ್ತಮತವನ್ನು ಸ್ವೀಕರಿಸಿ ವಸೀಲಿ ಎಂಬ ದೀಕ್ಷಾನಾಮವನ್ನು ಪಡೆದನು. ಅಂದಿನಿಂದ ಗ್ರೀಕ್ ಸಂತರ ಹೆಸರುಗಳು ಚರ್ಚಿನ ಪಂಚಾಂಗದ ಮೂಲಕ ಪೂರ್ವ ಸ್ಲಾವ್ ಜನರಲ್ಲಿ ಹರಡಿದುವು. ಆ ಹೆಸರುಗಳು ಬಂದುದು ಮಧ್ಯಯುಗದ ಗ್ರೀಕರ ಬಾಯಿಂದ. ಅಷ್ಟು ಹೊತ್ತಿಗೆ ಗ್ರೀಕಿನ ‘ಬೀಟಾ’ ವಕಾರವಾಗಿತ್ತು, ‘ಈಟಾ’ ಇಕಾರವಾಗಿತ್ತು. ‘ಥೀಟಾ’ ಸೂಚಿಸುತ್ತಿದ್ದ ದಂತ್ಯ ಘರ್ಷಧ್ವನಿ ಸ್ಲಾವರ ಬಾಯಲ್ಲಿ ನಿಲ್ಲದೆ ಫಕಾರವಾಯಿತು. ಇಂಗ್ಲಿಷಿಗಾದರೋ ಅವೇ ಹೆಸರುಗಳು ಲ್ಯಾಟಿನ್ ಬರಹದ ದಾರಿಯಲ್ಲಿ, ಹಲವು ವೇಳೆ ಫ್ರೆಂಚಿನ ಮೂಲಕ ಬಂದುವು. ಲ್ಯಾಟಿನ್ ಹಳೆಯ ಗ್ರೀಕಿನ ಅಕ್ಷರಗಳನ್ನು ಕಾಪಾಡಿಕೊಂಡಿತ್ತು. ಹೀಗಾಗಿ ಬೇಸಿಲ್ ಮತ್ತು ವಸೀಲಿ, ಬಾರ್ಥಲೊಮ್ಯು ಮತ್ತು ವರ್ಫೊಲೊಮೇಯ್, ಥಾಮಸ್ ಮತ್ತು ಫೊಮಾ, ಟಿಮೊಥಿ ಮತ್ತು ತಿಮೊಫೇಯ್, ಥಿಯೊಡೋರ್ ಮತ್ತು ಫ್ಯೋದರ್ ಒಂದೊಂದು ಜೋಡಿಯಲ್ಲೂ ಹೆಸರು ಒಂದೇ, ಬಂದ ದಾರಿ ಎರಡು. ಇವು ಒಂದರಿಂದೊಂದು ಹುಟ್ಟಿದುವಲ್ಲ, ಒಬ್ಬ ತಾಯಿಯ ಮಕ್ಕಳು.

ಗೆಯೋರ್ಗಿಯೊಸ್ ಎಂಬ ಗ್ರೀಕ್ ಹೆಸರು ರಷ್ಯನ್ನಿನಲ್ಲಿ ಮೂರಾಗಿ ಒಡೆಯಿತು: ಚರ್ಚಿನ ಬಳಕೆಯ ಗೆಯೋರ್ಗಿ, ಹಳ್ಳಿಗರ ಯೆಗೋರ್, ಹಳೆಯ ರಾಜಮನೆತನಗಳಲ್ಲಿ ಬಳಕೆಗೆ ಬಂದ ಯೂರಿ. ಯೂರಿ ಎಂಬುದನ್ನು ಜಾರ್ಜ್ ಎಂದುದು ಅರ್ಥದ ಅನುವಾದವಲ್ಲ, ಧ್ವನಿಯ ಅನುಕರಣೆಯೂ ಅಲ್ಲ. ಎರಡೂ ಹೆಸರುಗಳ ಹಿಂದೆ ಒಬ್ಬನೇ ಸಂತನಿದ್ದಾನೆ ಎಂಬ ಗುರುತಿನ ಮೇಲೆ ನಡೆದ ವಿನಿಮಯ ಅದು. 20ನೆಯ ಶತಮಾನದ ಆದಿಯವರೆಗೆ ಯುರೋಪಿನ ಓದುಬಲ್ಲವರಿಗೆಲ್ಲ ಈ ವಿನಿಮಯದ ದರ ತಿಳಿದಿತ್ತು. ರಾಜರ ಹೆಸರುಗಳಲ್ಲಿ ಅದು ಇಂದಿಗೂ ಉಳಿದಿದೆ: ಕೊನೆಯ ತ್ಸಾರ್ ಇಂಗ್ಲಿಷ್ ಚರಿತ್ರೆಯಲ್ಲಿ ನಿಕೊಲಸ್, ಅವನ ತಂದೆ ಅಲೆಕ್ಸಾಂಡರ್.

ಈ ಗುರುತಿಗೆ ರಷ್ಯನ್ ಲಿಪಿಯಲ್ಲೇ ಒಂದು ಸಾಕ್ಷಿ ಇತ್ತು. ಫ್ಯೋದರ್, ಫೊಮಾ ಮೊದಲಾದ ಹೆಸರುಗಳ ಮೊದಲ ಅಕ್ಷರವನ್ನು ಸಾಮಾನ್ಯ ಫಕಾರದಿಂದ ಬರೆಯದೆ, ‘ಥೀಟಾ’ದಿಂದ ಬಂದ ‘ಫಿತಾ’ ಎಂಬ ಬೇರೆ ಅಕ್ಷರದಿಂದ ಬರೆಯುತ್ತಿದ್ದರು. ಉಚ್ಚಾರದಲ್ಲಿ ಎರಡಕ್ಕೂ ಭೇದವಿರಲಿಲ್ಲ. ಆದರೆ ಫ್ಯೋದರನು ಥಿಯೊಡೋರನೇ ಎಂಬುದು ಕಣ್ಣಿಗೆ ಕಾಣುತ್ತಿತ್ತು. 1918ರಲ್ಲಿ ಜಾರಿಗೆ ಬಂದ ಲಿಪಿಸುಧಾರಣೆ ಫಿತಾವನ್ನು ಕೈಬಿಟ್ಟಿತು. ಸುಧಾರಣೆಯ ಅಗತ್ಯವನ್ನು ಯಾವ ಭಾಷಾವಿಜ್ಞಾನಿಯೂ ಅಲ್ಲಗಳೆಯಲಾರನು. ಆದರೂ ಅದರೊಡನೆ ಹೆಸರುಗಳ ಒಂದು ವಂಶಾವಳಿ ಅಳಿಸಿಹೋಯಿತೆಂಬುದನ್ನು ಗಮನಿಸಬೇಕು. ಅದಕ್ಕೂ ಮೊದಲೇ ಶಾಲೆ ಕಲಿತ ಪೀಳಿಗೆಯ ಫೆಯೊದೋಸಿ ದೊಬ್ಝಾನ್‌ಸ್ಕಿ (ಜನನ 1900) 1927ರಲ್ಲಿ ಅಮೆರಿಕಕ್ಕೆ ಹೋದ ತಳಿವಿಜ್ಞಾನಿ. ಅಲ್ಲಿ ಅವರು ಥಿಯೊಡೋಸಿಯಸ್ ಆದರು. ಇಂಗ್ಲಿಷಿನಲ್ಲಿ ಅದು ಬಳಕೆಯ ಹೆಸರಲ್ಲ, ರೋಮನ್ ಚಕ್ರವರ್ತಿಯೊಬ್ಬನ ಹೆಸರು. ಆದರೂ ನಿಯಮದಂತೆ ಫಕಾರಕ್ಕೆ ಥಕಾರ ಬಂತು. ಸುಲಭವಾದ ಹೆಸರಿಗಿಂತ ಸರಿಯಾದ ಹೆಸರು ಅಲ್ಲಿ ಮೇಲಾಯಿತು.

ಸ್ವ್ಯತೊಸ್ಲಾವ್‌ಗೆ ಇಂಥ ಅನುಕೂಲ ಇರಲಿಲ್ಲ. ಅದು ಗ್ರೀಕ್ ಭಂಡಾರದ ಹೆಸರಲ್ಲ, ಎರಡು ಸ್ಲಾವಿಕ್ ಧಾತುಗಳ ಸಮಾಸ. ಉತ್ತರಪದವಾದ ‘ಸ್ಲಾವ’ ಎಂದರೆ ಕೀರ್ತಿ. ಸಂಸ್ಕೃತದ ‘ಶ್ರವಸ್’ ಮತ್ತು ಗ್ರೀಕಿನ ‘ಕ್ಲೆಯೊಸ್’ ಅದರ ಜ್ಞಾತಿಪದಗಳು. ಋಗ್ವೇದದ ಪೃಥುಶ್ರವಸ್, ಗ್ರೀಕರ ಪೆರಿಕ್ಲೀಸ್, ರಷ್ಯನ್ನರ ಯರೊಸ್ಲಾವ್ ಒಂದೇ ಅಚ್ಚಿನ ಹೆಸರುಗಳು. ಪೂರ್ವಪದವಾದ ‘ಸ್ವ್ಯತ್’ ಎಂದರೆ ಪವಿತ್ರ. ಅವೆಸ್ತಾದ ‘ಸ್ಪೆಂತ’ ಅದರ ಜ್ಞಾತಿ. ಪಿಯಾನೊ ವಾದಕ ರಿಖ್ತರ್ ಅವರ ಹೆಸರಿನ ಇಂಗ್ಲಿಷ್ ಬರಹದಲ್ಲಿ ಈ ‘ಯ’ಕಾರ ಉಳಿದಿದೆ. ರೋರಿಕ್ ಅವರ ಹೆಸರಿನಲ್ಲಿ ಅದು ಎಕಾರವಾಗಿದೆ. ರಷ್ಯನ್ನಿನಲ್ಲಿ ‘ಸ್ವೆತ್’ ಎಂದರೆ ಬೆಳಕು, ಸಂಸ್ಕೃತದ ‘ಶ್ವೇತ’ಕ್ಕೆ ಜ್ಞಾತಿ. ಒಂದು ಸ್ವರ ಬದಲಾದುದರಿಂದ ‘ಪವಿತ್ರಕೀರ್ತಿ’ ‘ಬೆಳಕಿನ ಕೀರ್ತಿ’ಯಂತೆ ಓದಿಸಿಕೊಳ್ಳುತ್ತದೆ. ಬಣ್ಣಗಳೊಡನೆ ಬಾಳಿದ ಕಲಾವಿದನಿಗೆ ಇದು ಒಪ್ಪುವ ಪ್ರಮಾದವೆಂದು ಬೇಕಾದರೆ ಹೇಳಬಹುದು. ಕನ್ನಡ ಪತ್ರಿಕೆಗಳು ಅವರ ಕುಲನಾಮವನ್ನು ಒಮ್ಮೆ ರೋರಿಕ್ ಎಂದೂ ಒಮ್ಮೆ ರೋರಿಚ್ ಎಂದೂ ಬರೆಯುವುದು ಬೇರೆ ಮಾತು. ಮೂಲದ ಕೊನೆಯ ಧ್ವನಿ ಕಕಾರವೂ ಅಲ್ಲ, ಚಕಾರವೂ ಅಲ್ಲ.

ಅನುವಾದದ ಈ ದಾರಿಯ ಪಕ್ಕದಲ್ಲೇ ಇನ್ನೊಂದು ದಾರಿ ಇತ್ತು. ರಷ್ಯದ ಮೇಲುವರ್ಗದ ಎರಡನೆಯ ಭಾಷೆ ಫ್ರೆಂಚ್ ಆಗಿದ್ದುದರಿಂದ ಅನೇಕ ಹೆಸರುಗಳು ಫ್ರೆಂಚ್ ಉಡುಪಿನಲ್ಲೇ ಇಂಗ್ಲಿಷನ್ನು ಮುಟ್ಟಿದುವು. ಬ್ಯಾಲೆ ತಂಡದ ದ್ಯಾಗಿಲೆವ್ ಸೆರ್ಜ್ ಆದರು, ನೃತ್ಯಸಂಯೋಜಕ ಫೊಕಿನ್ ಮಿಶೆಲ್ ಆದರು. 1924ರಿಂದ 1949ರವರೆಗೆ ಬಾಸ್ಟನ್ ಸಿಂಫನಿಯನ್ನು ನಡೆಸಿದ ಕುಸೆವಿತ್ಸ್ಕಿ ಅಮೆರಿಕದಲ್ಲಿಯೂ ಸೆರ್ಜ್ ಆಗಿಯೇ ಉಳಿದರು. ವಿಚಿತ್ರವೆಂದರೆ, ಶ್ರೀಮಂತರ ಫ್ರೆಂಚನ್ನು ಅಳಿಸಿದ ಸೋವಿಯತ್ ಸರ್ಕಾರವು ವಿದೇಶಯಾನದ ಪಾಸ್‌ಪೋರ್ಟಿನಲ್ಲಿ ಫ್ರೆಂಚ್ ಲಿಪ್ಯಂತರಣವನ್ನೇ ಮುಂದುವರಿಸಿತು. ಸೆರ್ಗೇಯ್ ಎಂಬ ಹೆಸರಿನಲ್ಲಿ ಗಕಾರವು ಮೃದುವಾಗದಿರಲೆಂದು ಫ್ರೆಂಚ್ ಪದ್ಧತಿಯಂತೆ ಅದರ ಮುಂದೆ ಒಂದು ‘ಯು’ ಅಕ್ಷರ ಸೇರುತ್ತಿತ್ತು. ಇಂಗ್ಲಿಷ್ ಓದುಗನಿಗೆ ಆ ಅಕ್ಷರ ಏಕಿದೆಯೆಂದು ತಿಳಿಯುವಂತಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಇಂಗ್ಲಿಷ್ ಆಧಾರದ ಲಿಪ್ಯಂತರಣ ಬಂದಾಗ, ಹಳೆಯ ಪಾಸ್‌ಪೋರ್ಟಿನ ಸೆರ್ಗೇಯ್ ಮತ್ತು ಹೊಸದರ ಸೆರ್ಗೇಯ್ ಎರಡು ಬೇರೆ ಬರಹಗಳಾದುವು. ಜರ್ಮನ್ ದಾರಿಯೂ ಇತ್ತು. ಬರ್ಲಿನ್ನಿನಲ್ಲಿ ಓದಿ 1931ರಲ್ಲಿ ಅಮೆರಿಕಕ್ಕೆ ಬಂದ ಅರ್ಥಶಾಸ್ತ್ರಜ್ಞ ಲಿಯೊಂತೆಫ್ ತಮ್ಮ ವಸೀಲಿಯನ್ನು ಜರ್ಮನ್ ರೀತಿಯ ‘ಡಬ್ಲ್ಯು’ವಿನಿಂದ ಬರೆದರು, ಬೇಸಿಲ್ ಆಗಲಿಲ್ಲ. ಅವರಿಗಿಂತ ಎರಡು ವರ್ಷ ಮೊದಲು, 1971ರಲ್ಲಿ, ಅದೇ ವಿಷಯದಲ್ಲಿ ನೊಬೆಲ್ ಪಡೆದ ಕುಜ್ನೆಟ್ಸ್ ರಷ್ಯನ್ ಸಾಮ್ರಾಜ್ಯದ ಪಿನ್ಸ್ಕ್‌ನಲ್ಲಿ ಹುಟ್ಟಿದ ಸೆಮ್ಯೋನ್. ಅಮೆರಿಕದಲ್ಲಿ ಅವರ ಪೂರ್ಣ ಹೆಸರು ಸೈಮನ್ ಸ್ಮಿತ್ ಕುಜ್ನೆಟ್ಸ್. ‘ಕುಜ್ನೆಟ್ಸ್’ ಎಂದರೆ ಕಮ್ಮಾರ. ‘ಸ್ಮಿತ್’ ಎಂಬುದರ ಅರ್ಥವೂ ಅದೇ.

ಮೂರು ದಾರಿಗಳೂ ಒಂದೇ ಹೆಸರಿನಲ್ಲಿ ಕೂಡಿರುವುದಕ್ಕೆ ‘ಲೆವ್’ ಅತ್ಯುತ್ತಮ ನಿದರ್ಶನ. ಇದರ ಅರ್ಥ ಸಿಂಹ. ಟಾಲ್‌ಸ್ಟಾಯ್ ಲ್ಯಾಟಿನ್ ರೂಪದಲ್ಲಿ ಲಿಯೋ ಆದರು. ಟ್ರಾಟ್‌ಸ್ಕಿ ಫ್ರೆಂಚ್ ರೂಪದಲ್ಲಿ ಲಿಯಾನ್ ಆದರು. ಭೌತವಿಜ್ಞಾನಿ ಲಂಡಾವ್ ಮತ್ತು ಮನೋವಿಜ್ಞಾನಿ ವೈಗಾಟ್‌ಸ್ಕಿ ಲೆವ್ ಆಗಿಯೇ ಉಳಿದರು. ಕನ್ನಡಕ್ಕೆ ಈ ಹೆಸರುಗಳೆಲ್ಲ ಇಂಗ್ಲಿಷಿನಿಂದ ಬಂದುದರಿಂದ, ಕಥೆಗಾರ ಲಿಯೋ ಟಾಲ್‌ಸ್ಟಾಯ್ ಮತ್ತು ಶಿಕ್ಷಣಶಾಸ್ತ್ರದ ಪಠ್ಯದ ಲೆವ್ ವೈಗಾಟ್‌ಸ್ಕಿ ಒಂದೇ ಹೆಸರಿನವರೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಹೊಳೆಯುವುದಿಲ್ಲ. 1880ರ ದಶಕದಲ್ಲಿ ಟಾಲ್‌ಸ್ಟಾಯ್ ಅವರನ್ನು ಅನುವಾದಿಸಿದ ನೇಥನ್ ಹ್ಯಾಸ್ಕೆಲ್ ಡೋಲ್ ‘ಲ್ಯೋಫ್’ ಎಂದು ಬರೆದಿದ್ದರು. ಹಳೆಯ ಉಚ್ಚಾರದ ಓಕಾರ, ತಾಲವ್ಯೀಕೃತ ಲಕಾರ, ಪದಾಂತ್ಯದಲ್ಲಿ ಅಘೋಷವಾಗುವ ವಕಾರ, ಈ ಮೂರನ್ನೂ ಆ ಬರಹ ಹಿಡಿದಿತ್ತು. ಧ್ವನಿಗೆ ಅತ್ಯಂತ ನಿಷ್ಠವಾದ ಆ ರೂಪವೇ ಉಳಿಯಲಿಲ್ಲ. ಇಂಗ್ಲಿಷ್ ಓದುಗನ ಬಾಯಿಗೆ ‘ಲಿಯೋ’ ಹತ್ತಿರವಾಗಿತ್ತು. ಇಂದು ಲೆವ್ ಎಂಬ ಬರಹ ಅಮೆರಿಕದಲ್ಲಿ ಅಪರಿಚಿತವಲ್ಲ. ಹೀಬ್ರೂವಿನಲ್ಲಿ ‘ಹೃದಯ’ ಎಂಬ ಅರ್ಥ ಇರುವುದರಿಂದ ಯಹೂದಿ ಮನೆಗಳಲ್ಲಿ ಅದಕ್ಕೆ ಇನ್ನೊಂದು ಬೇರು ದೊರೆತಿದೆ. ಸಿಂಹ ಸದ್ದಿಲ್ಲದೆ ಹೃದಯವಾಗಿದೆ.

ಈಗ ಆ ಸಮಾನ ಹೆಸರುಗಳ ಪಟ್ಟಿಗೆ ಬರೋಣ. ರಷ್ಯನ್ನಿನಲ್ಲಿ ಸ್ವರಾಘಾತದ ಸ್ಥಾನ ನಿಯತವಲ್ಲ. ಆಘಾತವಿಲ್ಲದ ಸ್ವರಗಳು ಕ್ಷೀಣಿಸುತ್ತವೆ. ಮಕ್ಸೀಮ್, ರೊಮಾನ್, ಅಂತೋನ್, ಬರೀಸ್, ಇವಾನ್, ದೆನೀಸ್ ಇವೆಲ್ಲವುಗಳ ಆಘಾತ ಎರಡನೆಯ ಅಕ್ಷರದ ಮೇಲೆ. ಇಂಗ್ಲಿಷ್ ಅದನ್ನು ಮೊದಲಕ್ಷರಕ್ಕೆ ತರುತ್ತದೆ. ‘ಇವಾನ್’ ‘ಐವನ್’ ಆಗುತ್ತಾನೆ. ‘ರಮಾನ್’ ಎಂಬಂತೆ ಕೇಳುವ ಹೆಸರು ‘ರೋಮನ್’ ಎಂಬ ಗುಣವಾಚಕದೊಡನೆ ಸಮಧ್ವನಿಯಾಗುತ್ತದೆ. ನಮ್ಮ ಶಾಸ್ತ್ರದ ರೊಮಾನ್ ಯಾಕಬ್ಸನ್ ಅವರನ್ನು ಮಾಸ್ಕೋ ಒಂದು ಬಗೆಯಲ್ಲಿ ಕರೆದರೆ ಹಾರ್ವರ್ಡ್ ಇನ್ನೊಂದು ಬಗೆಯಲ್ಲಿ ಕರೆಯಿತು. ನಬೊಕೊವ್ ತಮ್ಮ ವ್ಲದೀಮಿರ್ ಎಂಬುದರ ನಡುವಣ ಇಕಾರ ದೀರ್ಘವಾದುದು, ಆಘಾತವುಳ್ಳದ್ದು ಎಂದು ಇಂಗ್ಲಿಷ್ ಸಂದರ್ಶಕರಿಗೆ ಪ್ರಾಸ ಹೇಳಿ ತಿಳಿಸಬೇಕಾಯಿತು. ಆದ್ದರಿಂದ ಸಮಾನವಾಗಿರುವುದು ಬರಹ, ಹೆಸರಲ್ಲ. ಕಾಗದದ ಮೇಲೆ ಒಂದಾದ ಎರಡು ಹೆಸರುಗಳು ಬಾಯಲ್ಲಿ ಬೇರೆಯಾಗಿಯೇ ಇರುತ್ತವೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಎಂಬ ಇಬ್ಬಂದಿತನವನ್ನು ತಪ್ಪಿಸಲು ಹೊರಟ ತಂದೆತಾಯಿಗಳಿಗೆ ಈ ಪಟ್ಟಿ ಅದನ್ನೇ ಮರೆಮಾಡಿ ಕೊಡುತ್ತದೆ.

ಪಟ್ಟಿಯಿಂದ ಹೊರಗುಳಿಯುವ ಹೆಸರುಗಳ ಕಥೆಯೂ ಧ್ವನಿಯೊಂದರದೇ ಅಲ್ಲ. ‘ಆ’ಕಾರಾಂತ ಪುರುಷನಾಮಗಳನ್ನು ನೋಡಬಹುದು. ಗ್ರೀಕಿನ ನಿಕೇತಾಸ್, ಲೂಕಾಸ್, ಥೋಮಾಸ್ ಇವು ರಷ್ಯನ್ನಿನಲ್ಲಿ ಸಕಾರವನ್ನು ಕಳೆದುಕೊಂಡು ನಿಕೀತಾ, ಲುಕಾ, ಫೊಮಾ ಆದುವು. ವಿಭಕ್ತಿಯಲ್ಲಿ ಅವು ಸ್ತ್ರೀಲಿಂಗ ಪದಗಳಂತೆ ನಡೆದರೂ ವಿಶೇಷಣಗಳಿಗೆ ಪುಲ್ಲಿಂಗದ ಅನ್ವಯವೇ. ಇಂಗ್ಲಿಷ್ ಕಿವಿಗೆ ‘ಆ’ಕಾರಾಂತ ಹೆಸರೆಂದರೆ ಹೆಣ್ಣು. ಎಲ್ಟನ್ ಜಾನ್ ಅವರ 1985ರ ಹಾಡು, ಲುಕ್ ಬೆಸ್ಸೋನ್ ಅವರ 1990ರ ಚಲನಚಿತ್ರ ಇವುಗಳ ಬಳಿಕ ನಿಕೀತಾ ಎಂಬುದು ಪಶ್ಚಿಮದಲ್ಲಿ ಹೆಣ್ಣಿನ ಹೆಸರಾಗಿ ನೆಲೆಗೊಂಡಿತು. ಇದನ್ನು ಕಂಡು ನಗುವ ಹಕ್ಕು ನಮಗಿಲ್ಲ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಕ್ಕೆ ಒಗ್ಗಿದ ಕರ್ನಾಟಕದಲ್ಲಿ ನಿಕಿತಾ ಎಂಬ ಹುಡುಗಿ ಪ್ರತಿ ತರಗತಿಯಲ್ಲೂ ಸಿಗುತ್ತಾಳೆ. 1955ರಲ್ಲಿ ಭಾರತಕ್ಕೆ ಬಂದಿದ್ದ ಕ್ರುಶ್ಚೇವ್ ಅವರ ಮೊದಲ ಹೆಸರನ್ನು ಹೇಳಿದಾಗ ವಿದ್ಯಾರ್ಥಿಗಳು ಒಮ್ಮೆ ತಲೆಯೆತ್ತಿ ನೋಡುತ್ತಾರೆ.

ಈಗರ್ ಎಂಬ ಹೆಸರಿಗೆ ಒದಗಿದ ಪಾಡು ಬೇರೆ. ಅದು ನಾರ್ಸ್ ಭಾಷೆಯ ‘ಇಂಗ್ವಾರ್’ನಿಂದ ಬಂದುದು, ಒಲೆಗ್ ಎಂಬುದು ‘ಹೆಲ್ಗಿ’ಯಿಂದ ಬಂದಂತೆ. ಸ್ಟ್ರಾವಿನ್‌ಸ್ಕಿ, ಹೆಲಿಕಾಪ್ಟರ್ ನಿರ್ಮಾಪಕ ಸಿಕೋರ್‌ಸ್ಕಿ ಇಬ್ಬರೂ ಆ ಹೆಸರಿನಲ್ಲೇ ಅಮೆರಿಕದಲ್ಲಿ ಬಾಳಿದರು. 1931ರ ‘ಫ್ರಾಂಕೆನ್‌ಸ್ಟೈನ್’ ಚಲನಚಿತ್ರದಲ್ಲಿ ವಿಜ್ಞಾನಿಯ ಗೂನುಬೆನ್ನಿನ ಸಹಾಯಕನ ಹೆಸರು ಫ್ರಿಟ್ಸ್. 1939ರ ಚಿತ್ರದಲ್ಲಿ ಬೇಲಾ ಲುಗೋಸಿ ಅಭಿನಯಿಸಿದ ಪಾತ್ರ ‘ಈಗರ್’ ಆಯಿತು. ಜನರ ನೆನಪಿನಲ್ಲಿ ಇವೆರಡೂ ಬೆರೆತು, 1974ರ ವಿಡಂಬನ ಚಿತ್ರದ ಹೊತ್ತಿಗೆ ಈಗರ್ ಎಂದರೆ ಗೂನುಬೆನ್ನಿನ ಊಳಿಗದವನೆಂಬ ಅಚ್ಚು ಸಿದ್ಧವಾಗಿತ್ತು. ಉಚ್ಚಾರಕ್ಕೆ ಇಂಗ್ಲಿಷಿನಲ್ಲಿ ಯಾವ ತೊಡಕೂ ಇಲ್ಲದ, ಆಘಾತ ಕೂಡ ಮೊದಲಕ್ಷರದ ಮೇಲೆಯೇ ಇರುವ ಹೆಸರೊಂದು ಸಿನಿಮಾದಿಂದಾಗಿ ಮಕ್ಕಳಿಗೆ ಇಡಲು ತಂದೆತಾಯಿಗಳು ಅಳುಕುವ ಹೆಸರಾಯಿತು. ಧ್ವನಿನಿಯಮಗಳಿಂದ ಇದನ್ನು ಊಹಿಸಲಾಗದು.

ಸೋವಿಯತ್ ಕಾಲದ ನಾಮಕರಣವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಪಂಚಾಂಗದ ಕಟ್ಟು ಸಡಿಲವಾದ ಮೇಲೆ ವ್ಲದ್‌ಲೇನ್, ಮರ್ಲೇನ್, ಕಿಮ್ ಮುಂತಾದ ಹೊಸ ಹೆಸರುಗಳೊಡನೆ ರಾಬರ್ಟ್, ಎಡ್ವರ್ಡ್, ಆಲ್ಬರ್ಟ್ ಮೊದಲಾದ ಪಶ್ಚಿಮದ ಹೆಸರುಗಳೂ ಬಂದುವು. 1932ರಲ್ಲಿ ಹುಟ್ಟಿದ ಕವಿ ರೊಝ್ದೆಸ್ತ್‌ವೆನ್‌ಸ್ಕಿ ಅವರಿಗೆ ರಾಬರ್ಟ್ ಎಂದು ಹೆಸರಿಟ್ಟುದು ಇಂಗ್ಲಿಷರನ್ನು ನೆನೆದಲ್ಲ, ಲಾಟ್ವಿಯ ಮೂಲದ ಪಕ್ಷನಾಯಕ ರಾಬರ್ಟ್ ಐಖೆಯನ್ನು ನೆನೆದು. ಕಿಮ್ ಎಂಬುದು ಯುವಜನರ ಕಮ್ಯುನಿಸ್ಟ್ ಅಂತರರಾಷ್ಟ್ರೀಯದ ಮೊದಲಕ್ಷರಗಳು. ಆ ಗಂಡು ಹೆಸರು ಇಂಗ್ಲಿಷಿಗೆ ಹೋದರೆ ಅಲ್ಲಿ ಹೆಣ್ಣಾಗುತ್ತದೆ.

ಇಲ್ಲಿಯವರೆಗೆ ಚರ್ಚಿಸಿದ್ದೆಲ್ಲ ಹೆಸರಿನ ಪ್ರಥಮಾ ರೂಪ. ಮುಖ್ಯವಾದ ಮಾತು ಅದರಾಚೆಗಿದೆ. ರಷ್ಯನ್ ಹುಡುಗನಿಗೆ ಮಿಖಾಯಿಲ್ ಎಂದು ಹೆಸರಿಟ್ಟರೆ ಆ ಹೆಸರಿನಿಂದ ಅವನನ್ನು ಮನೆಯಲ್ಲಿ ಬಹುಶಃ ಯಾರೂ ಕರೆಯುವುದಿಲ್ಲ. ಅವನು ಮೀಶಾ. ಪ್ರೀತಿ ಉಕ್ಕಿದಾಗ ಮೀಶೆಂಕಾ, ಗೆಳೆಯರು ಗದರುವಾಗ ಮೀಶ್ಕಾ, ದೂರದಿಂದ ಕೂಗುವಾಗ ಕೊನೆಯ ಸ್ವರ ಬಿದ್ದು ಬರಿಯ ‘ಮೀಶ್’. ದೊಡ್ಡವನಾಗಿ ಉದ್ಯೋಗ ಹಿಡಿದರೆ ತಂದೆಯ ಹೆಸರು ಸೇರಿ ಮಿಖಾಯಿಲ್ ಪೆತ್ರೊವಿಚ್. ಅವನಿಗೆ ಮಗನಾದರೆ ಅದೇ ಹೆಸರು ಪಿತೃನಾಮವಾಗಿ ಮಿಖಾಯ್ಲೊವಿಚ್. ಹೀಗಾಗಿ ರಷ್ಯನ್ ಮನೆಯಲ್ಲಿ ಮಗನಿಗೆ ಹೆಸರಿಡುವವರು, ಹುಟ್ಟದ ಮೊಮ್ಮಕ್ಕಳ ಹೆಸರಿನ ಅರ್ಧವನ್ನೂ ಇಡುತ್ತಾರೆ. ಇಂಗ್ಲಿಷ್ ಇವುಗಳಲ್ಲಿ ಒಂದು ರೂಪವನ್ನು ಮಾತ್ರ ಎತ್ತಿಕೊಂಡು ಉಳಿದುದನ್ನು ಗಡಿಯಲ್ಲೇ ಬಿಡುತ್ತದೆ. ಕೆಲವೊಮ್ಮೆ ಎತ್ತಿಕೊಳ್ಳುವುದು ಮುದ್ದಿನ ರೂಪವನ್ನೇ. ಸಾಶಾ ಇಂದು ಇಂಗ್ಲಿಷಿನಲ್ಲಿ ಜನನಪತ್ರದ ಹೆಸರು, ಬಹುಪಾಲು ಹುಡುಗಿಯರದು. ರಷ್ಯನ್ನಿನಲ್ಲಿ ಅದು ಅಲೆಕ್ಸಾಂದ್ರ್ ಎಂಬವನನ್ನು ಹತ್ತಿರಕ್ಕೆ ಕರೆಯುವ ಬಗೆ.

ಪಿತೃನಾಮವು ಗಡಿ ದಾಟಿದಾಗ ಏನಾಗುತ್ತದೆಂಬುದನ್ನು ಜಾರ್ಜ್ ರೋರಿಕ್ ಅವರ ಪುಸ್ತಕಗಳಲ್ಲಿ ಕಾಣಬಹುದು. ಟಿಬೆಟಿನ ‘ನೀಲಿ ವಾರ್ಷಿಕಗಳು’ 1949 ಮತ್ತು 1953ರಲ್ಲಿ ಕಲ್ಕತ್ತೆಯಿಂದ ಅವರ ಇಂಗ್ಲಿಷ್ ಅನುವಾದದಲ್ಲಿ ಹೊರಬಂದಾಗ ಅನುವಾದಕರ ಹೆಸರು ಜಾರ್ಜ್ ಎನ್. ರೋರಿಕ್ ಎಂದಿತ್ತು. ಇಂಗ್ಲಿಷ್ ಓದುಗನಿಗೆ ಆ ‘ಎನ್’ ಒಂದು ಮಧ್ಯನಾಮದ ಮೊದಲಕ್ಷರ. ಅದು ವಾಸ್ತವವಾಗಿ ನಿಕೊಲಾಯೆವಿಚ್. ತಂದೆಯ ಹೆಸರನ್ನು ಒಂದಕ್ಷರಕ್ಕಿಳಿಸಿ ತನ್ನ ಹೆಸರಿನ ಮುಂದಿಟ್ಟುಕೊಳ್ಳುವ ನಮಗೆ ಇದು ಹೊಸತೇನೂ ಅಲ್ಲ. ಪಾಸ್‌ಪೋರ್ಟ್ ಕಚೇರಿಯಲ್ಲಿ ಆ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕಾದಾಗಲೇ ಅದು ಹೆಸರೆಂಬುದು ನೆನಪಾಗುವುದು ನಮ್ಮಲ್ಲೂ ಉಂಟು.

ಸೆರ್ಗೇಯ್ ದೊವ್ಲಾತೊವ್ ತಮ್ಮ ಮನೆತನದವರನ್ನು ಒಬ್ಬೊಬ್ಬರಾಗಿ ಚಿತ್ರಿಸಿದ ‘ನಮ್ಮವರು’ ಎಂಬ ಪುಸ್ತಕ 1983ರಲ್ಲಿ ಪ್ರಕಟವಾಯಿತು. ಅಜ್ಜಂದಿರಿಂದ ತೊಡಗುವ ಆ ಸಾಲಿನ ಕೊನೆಯಲ್ಲಿ ನಿಲ್ಲುವವನು 1981ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮಗ. ಲೇಖಕರು ಅವನನ್ನು ‘ಮಿಸ್ಟರ್’ ಎಂಬ ಸಂಬೋಧನೆಯೊಡನೆ ನಿಕೊಲಸ್ ಡೌಲಿ ಎಂದು ಪರಿಚಯಿಸುತ್ತಾರೆ. ನಿಕೊಲಾಯ್ ಎಂಬುದು ಸಂತನ ಹೆಸರಿನ ಹಳೆಯ ದರದಲ್ಲೇ ನಿಕೊಲಸ್ ಆಗಿದೆ. ಪಿತೃನಾಮ ಇಲ್ಲ. ಕುಲನಾಮದ ಕಡೆಯ ಅರ್ಧ ಉದುರಿಹೋಗಿದೆ. ನಗುತ್ತ ಬರೆದ ಈ ಒಂದು ಪರಿಚಯದಲ್ಲಿ ವಲಸೆಯ ಲೆಕ್ಕಾಚಾರವೆಲ್ಲ ಇದೆ ಎಂದು ನನಗನ್ನಿಸುತ್ತದೆ.

ಹಾಗಾದರೆ ಎರಡು ಭಾಷೆಗಳಲ್ಲಿ ಬಾಳುವ ಹೆಸರನ್ನು ಗುರುತಿಸುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಒರೆಗಲ್ಲು ಬರಹದ ಸಾಮ್ಯವಲ್ಲ. ಆ ಹೆಸರು ಎರಡೂ ಭಾಷೆಗಳಲ್ಲಿ ಚಿಕ್ಕದಾಗಬಲ್ಲುದೆ ಎಂದು ಕೇಳಬೇಕು. ಅಲೆಕ್ಸಾಂದ್ರ್ ರಷ್ಯನ್ನಿನಲ್ಲಿ ಸಾಶಾ, ಸಾನ್ಯಾ, ಶೂರಾ, ಶೂರಿಕ್. ಇಂಗ್ಲಿಷಿನಲ್ಲಿ ಅಲೆಕ್ಸ್, ಅಲೆಕ್, ಸ್ಯಾಂಡಿ. ನಿಕೊಲಾಯ್ ಒಂದು ಕಡೆ ಕೋಲ್ಯಾ, ಇನ್ನೊಂದು ಕಡೆ ನಿಕ್. ಈ ಎರಡು ಸಾಲುಗಳಲ್ಲಿ ಒಂದಕ್ಕೊಂದು ಹೋಲುವ ರೂಪಗಳಿಲ್ಲ; ಹೋಲಬೇಕಾದ ಅಗತ್ಯವೂ ಇಲ್ಲ. ಪ್ರತಿಯೊಂದು ಭಾಷೆಯೂ ಹುಡುಗನನ್ನು ತನ್ನ ವ್ಯಾಕರಣದಿಂದಲೇ ಹತ್ತಿರ ಕರೆದುಕೊಳ್ಳುತ್ತದೆ. ಸಂತನ ಗುರುತಿನ ಮೇಲೆ ನಡೆಯುತ್ತಿದ್ದ ಹಳೆಯ ವಿನಿಮಯ ಇದಕ್ಕೆ ಎಡೆ ಮಾಡಿಕೊಟ್ಟಿತ್ತು. ಪಟ್ಟಿಯ ರೊಮಾನ್ ಇಂಗ್ಲಿಷಿನಲ್ಲಿ ರೋಮನ್ ಆಗಿಯೇ ನಿಂತುಬಿಡುತ್ತಾನೆ, ಅವನ ಮನೆಯ ಹೆಸರಾದ ‘ರೋಮಾ’ ಅಲ್ಲಿ ಯಾರಿಗೂ ಬೇಕಾಗುವುದಿಲ್ಲ. ಮಕ್ಸೀಮ್ ಮಾತ್ರ ಪಟ್ಟಿಯಲ್ಲಿದ್ದೂ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ, ಎರಡೂ ಕಡೆ ಮ್ಯಾಕ್ಸ್ ಆಗಬಲ್ಲವನಾದ್ದರಿಂದ.

ಯೂರಿ ರೆರಿಖ್ 1957ರಲ್ಲಿ ಮಾಸ್ಕೋಗೆ ಮರಳಿದರು. ಅಲ್ಲಿನ ಪ್ರಾಚ್ಯವಿದ್ಯಾ ಸಂಸ್ಥೆಯಲ್ಲಿ, 1960ರಲ್ಲಿ ತೀರಿಕೊಳ್ಳುವವರೆಗೆ, ಸಹೋದ್ಯೋಗಿಗಳಿಗೂ ಶಿಷ್ಯರಿಗೂ ಅವರು ಯೂರಿ ನಿಕೊಲಾಯೆವಿಚ್.